ಮೆಪಿರಮೀನ್: ಎಷ್ಟು ಹಾಕಿದರೆ ಎಚ್-1, ಎಷ್ಟು ಹಾಕಿದರೆ ಎಲ್ಲವೂ

ತುಮಕೂರಿನಲ್ಲಿ ಫಾರ್ಮಸಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತೆಲ್ಲ ಒಂದೇ ಒಂದು ಪುಡಿಯ ಸುತ್ತ. ಮೆಪಿರಮೀನ್ ಮಲಿಯೇಟ್ ಅಂತ ಅದರ ಹೆಸರು. ಕೆಲವು ಬಾಟಲಿಗಳ ಮೇಲೆ ಪೈರಿಲಮೀನ್ ಎಂದಿರುತ್ತದೆ, ಗಾಬರಿಯಾಗಬೇಡಿ, ಎರಡೂ ಒಂದೇ. ಬಿಳಿ ಪುಡಿ, ನೀರಿನಲ್ಲಿ ಸರಾಗವಾಗಿ ಕರಗುತ್ತದೆ. ಅಲರ್ಜಿಯಾದಾಗ ಮೈಯಲ್ಲಿ ಬಿಡುಗಡೆಯಾಗುವ ಹಿಸ್ಟಮೀನ್ ಎಂಬ ವಸ್ತು ಬಂದು ಕೂರುವ, ಜೀವಕೋಶದ ಮೇಲಿನ ಎಚ್-1 ರಿಸೆಪ್ಟರ್ ಎಂಬ ಜಾಗವನ್ನು ಇದು ತಡೆಯುತ್ತದೆ. ಒಂದು ಕಾಲಕ್ಕೆ ಅಲರ್ಜಿಗೆ ಕೊಡುವ ಔಷಧಿಯಾಗಿ ಹೆಸರು ಮಾಡಿದ್ದು, ಈಗ ಹೆಚ್ಚಾಗಿ ಪ್ರಯೋಗಾಲಯದ ಸಾಧನ. ಒಂದು ಅಂಗಾಂಶ ಕುಗ್ಗಿದರೆ, ಆ ಕುಗ್ಗುವಿಕೆ ಎಚ್-1 ಮೂಲಕ ಆಯಿತೋ ಇಲ್ಲವೋ ಎಂದು ತೀರ್ಮಾನಿಸಲು ಇದನ್ನು ಬಳಸುತ್ತೇವೆ.

ರಿಸೆಪ್ಟರ್‌ಗೆ ನಮ್ಮ ಪಠ್ಯಗಳಲ್ಲಿ ಗ್ರಾಹಕ ಎಂಬ ಪದವಿದೆ. ಆದರೆ ಅಂಗಡಿಗೆ ಬರುವವರೂ ಗ್ರಾಹಕರೇ ಆದ್ದರಿಂದ ಗೊಂದಲ ಬೇಡವೆಂದು ಇಲ್ಲಿ ರಿಸೆಪ್ಟರ್ ಎಂದೇ ಹೇಳುತ್ತೇವೆ. ಹಾಗೇ ತಡೆಯುವ ವಸ್ತುವಿಗೆ, ಲ್ಯಾಬಿನಲ್ಲಿ ದಿನಾ ಅನ್ನುವ ಹಾಗೆ, ಬ್ಲಾಕರ್.

ಮೆಪಿರಮೀನನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಪ್ರಾಜೆಕ್ಟ್ ವರದಿಗಳಲ್ಲಿ, ಪ್ರಬಂಧಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಾಣುತ್ತದೆ: ‘ಎಚ್-1 ಬ್ಲಾಕರ್ ಹಾಕಿದಾಗ ಪರಿಣಾಮ ನಿಂತುಹೋಯಿತು, ಆದ್ದರಿಂದ ಅದು ಎಚ್-1 ಮೂಲಕವೇ.’ ಎಷ್ಟು ಹಾಕಿದರು ಎಂದು ಹುಡುಕಿದರೆ ಮಿ.ಲೀ.ಗೆ 1 ಮೈಕ್ರೋಗ್ರಾಂ, ಮಿ.ಲೀ.ಗೆ 10 ಮೈಕ್ರೋಗ್ರಾಂ ಎಂದಿರುತ್ತದೆ. ಆ ಪ್ರಮಾಣದಲ್ಲಿ ಮೆಪಿರಮೀನ್ ಎಚ್-1ಕ್ಕೆ ಮಾತ್ರ ಅಂಟಿಕೊಂಡಿರುವುದಿಲ್ಲ. ಆಯ್ಕೆಗುಣ, ಅಂದರೆ ಒಂದೇ ರಿಸೆಪ್ಟರನ್ನು ಹಿಡಿದು ಉಳಿದವನ್ನು ಬಿಡುವುದು, ಬಾಟಲಿಯ ಜೊತೆ ಬರುವ ಗುಣವಲ್ಲ. ನೀವು ಬಾತ್‌ಗೆ, ಅಂದರೆ ಅಂಗಾಂಶವನ್ನು ಜೀವಂತವಾಗಿ ತೂಗುಹಾಕುವ ದ್ರಾವಣದ ಪಾತ್ರೆಗೆ, ಎಷ್ಟು ಬಿಡುತ್ತೀರಿ ಎನ್ನುವುದರ ಮೇಲೆ ಅದು ಉಳಿಯುತ್ತದೆ ಅಥವಾ ಹೋಗುತ್ತದೆ. ಇದನ್ನು ಲೆಕ್ಕದಲ್ಲೇ ತೋರಿಸಲು ಬಂದಿದ್ದೇವೆ.

ಮೊದಲು ಹಿನ್ನೆಲೆ, ಚುಟುಕಾಗಿ. ಹಿಸ್ಟಮೀನ್ ನಯಸ್ನಾಯುವನ್ನು ಕುಗ್ಗಿಸುತ್ತದೆ ಎಂಬುದನ್ನು ಹೆನ್ರಿ ಡೇಲ್ ಮತ್ತು ಅವರ ಜೊತೆಗಾರರು 1910ರ ಹೊತ್ತಿಗೇ ತೋರಿಸಿದ್ದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್-ಮರೀ ಸ್ಟೌಬ್ 1937ರಲ್ಲಿ ಹಿಸ್ಟಮೀನನ್ನು ತಡೆಯುವ ಮೊದಲ ಸಂಯುಕ್ತಗಳನ್ನು ಕಂಡರು. ಮೆಪಿರಮೀನ್ ಬಂದದ್ದು 1944ರಲ್ಲಿ. ಬೋವೆಗೆ 1957ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ ಒಂದು ಒಗಟು ಎಲ್ಲರನ್ನೂ ಕಾಡುತ್ತಿತ್ತು. ಮೆಪಿರಮೀನ್ ಕರುಳಿನ ಕುಗ್ಗುವಿಕೆಯನ್ನು ತಡೆಯುತ್ತಿತ್ತು, ಹಿಸ್ಟಮೀನಿನಿಂದ ಜಠರದಲ್ಲಿ ಆಮ್ಲ ಸುರಿಯುವುದನ್ನು ಮಾತ್ರ ತಡೆಯುತ್ತಿರಲಿಲ್ಲ. ಹಾಗಾದರೆ ಹಿಸ್ಟಮೀನಿಗೆ ಎರಡು ಬಗೆಯ ರಿಸೆಪ್ಟರ್ ಇರಬೇಕು ಎಂದು 1966ರಲ್ಲಿ ಆಶ್ ಮತ್ತು ಶಿಲ್ಡ್ ವಾದಿಸಿ, ಮೆಪಿರಮೀನ್ ತಡೆಯುವುದಕ್ಕೆ ಎಚ್-1 ಎಂದು ಹೆಸರಿಟ್ಟರು. ಇನ್ನೊಂದನ್ನು ಜೇಮ್ಸ್ ಬ್ಲ್ಯಾಕ್ ತಂಡ 1972ರಲ್ಲಿ ಬ್ಯುರಿಮಮೈಡ್ ಎಂಬ ಬ್ಲಾಕರಿನಿಂದ ಎಚ್-2 ಎಂದು ಗುರುತಿಸಿತು. ಇಲ್ಲಿ ಗಮನಿಸಬೇಕಾದದ್ದು, ಎಚ್-1 ರಿಸೆಪ್ಟರಿನ ವ್ಯಾಖ್ಯಾನವೇ ಈ ಬ್ಲಾಕರಿನ ಮೇಲೆ ನಿಂತಿದೆ. ರಿಸೆಪ್ಟರಿನ ಆಕಾರ ಸ್ಫಟಿಕದಲ್ಲಿ ಕಣ್ಣಿಗೆ ಬಿದ್ದದ್ದು 2011ರಲ್ಲಿ. ಅದಕ್ಕೂ ಮೊದಲಿನ ಅಷ್ಟೂ ವರ್ಷ ಜನ ನಂಬಿದ್ದು ಅಂಕಿಗಳನ್ನು.

ಆ ಅಂಕಿ ಏನು ಹೇಳುತ್ತದೆ? ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಮಧುಗಿರಿ ಬಸ್ಸು ಬಂದು ನಿಂತ ಕೂಡಲೇ ಏನಾಗುತ್ತದೆ ಎಂದು ನೆನಪಿಸಿಕೊಳ್ಳಿ. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರೆ. ಟವೆಲ್ ಬಿದ್ದ ಸೀಟಿನಲ್ಲಿ ಯಾರೂ ಕೂತಿಲ್ಲ, ಆದರೆ ಕೂರಲು ಜಾಗವೂ ಇಲ್ಲ. ಬ್ಲಾಕರ್ ಎಂದರೆ ಆ ಟವೆಲ್. ಈ ಟವೆಲ್ ಒಂದೇ ಕಡೆ ಬಿದ್ದಿರುವುದಿಲ್ಲ, ಕ್ಷಣಕ್ಷಣಕ್ಕೂ ಜಾರುತ್ತದೆ, ಮತ್ತೆ ಬೀಳುತ್ತದೆ. ಜಾರಿದ ಕ್ಷಣದಲ್ಲಿ ಪ್ರಯಾಣಿಕರು, ಅಂದರೆ ಹಿಸ್ಟಮೀನ್ ಅಣುಗಳು, ಹತ್ತಿರ ಹೆಚ್ಚಿದ್ದರೆ ಅವರಿಗೇ ಸೀಟು. ಹಾಗಾಗಿ ಮೆಪಿರಮೀನ್ ಹಾಕಿದ ಮೇಲೂ ಹಿಸ್ಟಮೀನನ್ನು ಸಾಕಷ್ಟು ಹೆಚ್ಚಿಸಿದರೆ ಅಂಗಾಂಶ ಮೊದಲಿನಷ್ಟೇ ಕುಗ್ಗುತ್ತದೆ. ಅಡ್ಡಕ್ಕೆ ಹಿಸ್ಟಮೀನಿನ ಪ್ರಮಾಣ, ಮೇಲಕ್ಕೆ ಕುಗ್ಗಿದ ಪ್ರಮಾಣ ಇಟ್ಟು ಎಳೆದ ಗ್ರಾಫಿನಲ್ಲಿ ಎಸ್ ಆಕಾರದ ಗೆರೆ ತನ್ನ ಎತ್ತರವನ್ನೂ ಓರೆಯನ್ನೂ ಬಿಡದೆ ಬಲಕ್ಕೆ ಸರಿಯುತ್ತದೆ. ಸ್ಪರ್ಧಾತ್ಮಕ ತಡೆಯ ಗುರುತು ಇದು.

ಎಷ್ಟು ಸರಿಯಿತು ಎನ್ನುವುದೇ ಡೋಸ್ ರೇಶಿಯೋ. ಮುಂದೆ ಬರುವ ಮೋಲಾರ್ ಎಂಬುದು ಒಂದು ಲೀಟರಿನಲ್ಲಿ ಎಷ್ಟು ಅಣುಗಳಿವೆ ಎನ್ನುವ ಅಳತೆ; ಮಿಲಿ, ಮೈಕ್ರೋ, ನ್ಯಾನೋ ಎಂದರೆ ಒಂದಕ್ಕಿಂತ ಒಂದು ಸಾವಿರ ಪಟ್ಟು ತೆಳು. ಬ್ಲಾಕರ್ ಇಲ್ಲದಾಗ ಅರ್ಧ ಪರಿಣಾಮಕ್ಕೆ 1 ಮೈಕ್ರೋಮೋಲಾರ್ ಹಿಸ್ಟಮೀನ್ ಸಾಕಾಗಿತ್ತು, ಬ್ಲಾಕರ್ ಇದ್ದಾಗ 11 ಬೇಕಾಯಿತು ಎಂದರೆ ರೇಶಿಯೋ 11. ಅದರಿಂದ 1 ಕಳೆದು ಬಂದದ್ದು ಬ್ಲಾಕರಿನ ಸಾಂದ್ರತೆಯನ್ನು ಕೆ-ಬಿ ಎಂಬ ಅಂಕಿಯಿಂದ ಭಾಗಿಸಿದಷ್ಟಕ್ಕೆ ಸಮ. ಕೆ-ಬಿ ಎಂದರೆ ಅರ್ಧ ಸೀಟುಗಳ ಮೇಲೆ ಟವೆಲ್ ಬೀಳಲು ಬೇಕಾದ ಬ್ಲಾಕರ್ ಸಾಂದ್ರತೆ. 1937ರಲ್ಲಿ ಗ್ಯಾಡಮ್ ಕೊಟ್ಟ ಸಮೀಕರಣದಿಂದ ಇದು ಹೊರಡುತ್ತದೆ. 1947ರಲ್ಲಿ ಶಿಲ್ಡ್ ಇದಕ್ಕೆ ಪಿಎ-2 ಎಂಬ ಅಳತೆಗೋಲು ಕೊಟ್ಟರು: ಹಿಸ್ಟಮೀನನ್ನು ಸರಿಯಾಗಿ ಇಮ್ಮಡಿ ಮಾಡಬೇಕಾಗುವಂತೆ ಮಾಡುವ ಬ್ಲಾಕರ್ ಸಾಂದ್ರತೆಯ ಋಣ ಲಾಗರಿತಮ್. 1959ರಲ್ಲಿ ಅರುಣಲಕ್ಷಣ ಮತ್ತು ಶಿಲ್ಡ್ ಅದನ್ನು ನೇರ ಗೆರೆಯ ಗ್ರಾಫ್ ಮಾಡಿದರು. ಇವತ್ತಿಗೂ ನಾವು ಎಳೆಯುವುದು ಅದೇ ಗೆರೆ.

ಗಿನಿ ಪಿಗ್ ಕರುಳಿನಲ್ಲಿ ಹಿಸ್ಟಮೀನಿಗೆ ಎದುರಾಗಿ ಮೆಪಿರಮೀನಿನ ಪಿಎ-2 ಸುಮಾರು 9ರಿಂದ 9.5. ಲೆಕ್ಕ ಸಲೀಸಾಗಲೆಂದು 9 ಎಂದೇ ಹಿಡಿಯೋಣ, ಆಗ ಕೆ-ಬಿ 1 ನ್ಯಾನೋಮೋಲಾರ್. ಅದೇ ಮೆಪಿರಮೀನ್, ನರಗಳು ಬಿಡುವ ಅಸಿಟೈಲ್‌ಕೋಲಿನ್ ಎಂಬ ವಸ್ತು ಕೂರುವ ಮಸ್ಕರಿನಿಕ್ ರಿಸೆಪ್ಟರನ್ನೂ ತಡೆಯುತ್ತದೆ, ಆದರೆ ಅಲ್ಲಿ ಪಿಎ-2 ಸುಮಾರು 5, ಅಂದರೆ ಕೆ-ಬಿ 10 ಮೈಕ್ರೋಮೋಲಾರ್. ಎರಡರ ನಡುವೆ ಹತ್ತು ಸಾವಿರ ಪಟ್ಟು ಅಂತರ. ಈ ಅಂತರವೇ ನಮ್ಮ ಬಂಡವಾಳ, ಇದನ್ನು ಖರ್ಚು ಮಾಡಿಕೊಳ್ಳಬಾರದು.

10 ನ್ಯಾನೋಮೋಲಾರ್ ಹಾಕಿದರೆ ಎಚ್-1 ಸೀಟುಗಳಲ್ಲಿ ಸುಮಾರು ಶೇ. 91ಕ್ಕೆ ಟವೆಲ್ ಬಿದ್ದಿರುತ್ತದೆ. ಮಸ್ಕರಿನಿಕ್ ಸೀಟುಗಳಲ್ಲಿ ಶೇ. 0.1ರಷ್ಟು, ಇಲ್ಲವೆಂದೇ ಲೆಕ್ಕ. ಹಿಸ್ಟಮೀನ್ ಗೆರೆ 11 ಪಟ್ಟು ಸರಿಯುತ್ತದೆ, ಅಸಿಟೈಲ್‌ಕೋಲಿನ್ ಗೆರೆ ಅಲುಗುವುದಿಲ್ಲ. ಈಗ ಮಿ.ಲೀ.ಗೆ 1 ಮೈಕ್ರೋಗ್ರಾಂ ತೆಗೆದುಕೊಳ್ಳಿ. ಮಲಿಯೇಟ್ ಲವಣದ ಅಣುತೂಕ 401.5, ಹಾಗಾಗಿ ಅದು 2.5 ಮೈಕ್ರೋಮೋಲಾರ್. ಎಚ್-1 ಕಡೆ ಗೆರೆ ಎರಡೂವರೆ ಸಾವಿರ ಪಟ್ಟು ಸರಿದು ಕಾಗದದಿಂದಲೇ ಆಚೆ ಹೋಗುತ್ತದೆ, ನೀವು ‘ನೂರಕ್ಕೆ ನೂರು ತಡೆ’ ಎಂದು ಬರೆಯುತ್ತೀರಿ. ಮಸ್ಕರಿನಿಕ್ ಕಡೆ ಆಗಲೇ ಐದರಲ್ಲಿ ಒಂದು ಸೀಟು ಹೋಗಿದೆ. 10 ಮೈಕ್ರೋಗ್ರಾಂ ಹಾಕಿದರೆ 25 ಮೈಕ್ರೋಮೋಲಾರ್, ಅಸಿಟೈಲ್‌ಕೋಲಿನ್ ಗೆರೆಯೂ ಮೂರೂವರೆ ಪಟ್ಟು ಸರಿಯುತ್ತದೆ. ಇಂಥ ಸಾಂದ್ರತೆಯಲ್ಲಿ ಎಚ್-2 ಕೂಡ ಸುರಕ್ಷಿತವಲ್ಲ. ಇನ್ನೂ ಮೇಲೆ ಹೋದರೆ ಸೋಡಿಯಂ ಚಾನೆಲ್‌ಗಳನ್ನು ತಡೆದು ಜೋಮು ಹಿಡಿಸುವ ಗುಣವೂ ಸೇರುತ್ತದೆ. ಈಗ ಕುಗ್ಗುವಿಕೆ ನಿಂತದ್ದಕ್ಕೆ ಯಾವುದನ್ನು ಕಾರಣವೆನ್ನುತ್ತೀರಿ? ಪುಡಿ ಅದೇ, ಬಾಟಲಿ ಅದೇ.

ಇನ್ನು ಕೆಲಸಕ್ಕೆ ಇಳಿಯೋಣ. ತೂಕದಿಂದ ಶುರು. 1 ಮಿಲಿಮೋಲಾರ್ ಬೇಕೆಂದು 4 ಮಿ.ಗ್ರಾಂ ತೂಗಿ 10 ಮಿ.ಲೀ.ಗೆ ಹಾಕುವ ಅಭ್ಯಾಸ ಬಿಡಿ. 1 ಮಿ.ಗ್ರಾಂ ಮಾತ್ರ ತೋರಿಸುವ ತಕ್ಕಡಿಯಲ್ಲಿ 4 ಎಂದರೆ ಮೂರೂವರೆಯೂ ಇರಬಹುದು, ನಾಲ್ಕೂವರೆಯೂ ಇರಬಹುದು. 0.1 ಮಿ.ಗ್ರಾಂ ಓದುವ ತಕ್ಕಡಿಯಲ್ಲಿ 40.1 ಮಿ.ಗ್ರಾಂ ತೂಗಿ 10 ಮಿ.ಲೀ. ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ಸ್ಟಾಕ್, ಅಂದರೆ ಮೂಲ ದ್ರಾವಣ, ಆಯಿತು. ಅದರಿಂದ 0.1 ಮಿ.ಲೀ. ತೆಗೆದು 10 ಮಿ.ಲೀ. ಮಾಡಿದರೆ 100 ಮೈಕ್ರೋಮೋಲಾರ್. ಅದರ 1 ಮಿ.ಲೀ. ತೆಗೆದು ಮತ್ತೆ 10 ಮಾಡಿದರೆ 10 ಮೈಕ್ರೋಮೋಲಾರ್. ಪ್ರತಿ ಹಂತಕ್ಕೂ ಹೊಸ ಟಿಪ್ಪು. ಹಳೆಯ ಟಿಪ್ಪಿನ ಒಳಗೋಡೆಗೆ ಅಂಟಿದ ಒಂದು ಹನಿ ನೂರು ಪಟ್ಟು ಗಟ್ಟಿ ದ್ರಾವಣ, ಅದು ಮುಂದಿನ ಹಂತವನ್ನು ಕೆಡಿಸುತ್ತದೆ. ಸ್ಟಾಕನ್ನು ಚಿಕ್ಕ ಚಿಕ್ಕ ಟ್ಯೂಬ್‌ಗಳಿಗೆ ಹಂಚಿ ಮೈನಸ್ 20ರಲ್ಲಿಡಿ, ಒಂದು ಟ್ಯೂಬು ಒಂದು ದಿನಕ್ಕೆ. ಕೆಳಗಿನ ಸಾಂದ್ರತೆಗಳನ್ನು ಆಯಾ ದಿನವೇ ಮಾಡಿಕೊಳ್ಳಿ.

ಲವಣದ ತೂಕವನ್ನು ಮರೆತು ಬರೀ ಮೆಪಿರಮೀನಿನ ಅಣುತೂಕ 285.4 ಹಿಡಿದು ತೂಗುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಆಗ 40.1ರ ಬದಲು 28.5 ಮಿ.ಗ್ರಾಂ ಹಾಕಿರುತ್ತೀರಿ. ಬಾತಿನಲ್ಲಿ ನೀವು ಅಂದುಕೊಂಡದ್ದರ ಶೇ. 71 ಮಾತ್ರ ಇರುತ್ತದೆ, ಪಿಎ-2 ನಿಜವಾದದ್ದಕ್ಕಿಂತ 0.15 ಕಡಿಮೆ ಬರುತ್ತದೆ. ಹಿಸ್ಟಮೀನಿನಲ್ಲೂ ಇದೇ ಬಲೆ: ಡೈಹೈಡ್ರೋಕ್ಲೋರೈಡ್ ಆದರೆ 184.1, ಡೈಫಾಸ್ಫೇಟ್ ಆದರೆ 307.1. ಆದರೆ ಹಿಸ್ಟಮೀನಿನ ತಪ್ಪನ್ನು ಈ ವಿಧಾನ ಸಹಿಸಿಕೊಳ್ಳುತ್ತದೆ. ಬ್ಲಾಕರ್ ಇರುವ ಗೆರೆಗೂ ಇಲ್ಲದ ಗೆರೆಗೂ ಒಂದೇ ಸ್ಟಾಕ್ ಬಳಸಿದ್ದರೆ ರೇಶಿಯೋ ತೆಗೆಯುವಾಗ ತಪ್ಪು ಮೇಲೆ ಕೆಳಗೆ ಹೊಡೆದುಹೋಗುತ್ತದೆ. ಬ್ಲಾಕರಿನ ತಪ್ಪಿಗೆ ಆ ರಿಯಾಯಿತಿ ಇಲ್ಲ. ಎಚ್ಚರಿಕೆಯನ್ನು ಎಲ್ಲಿ ಹೆಚ್ಚು ಖರ್ಚು ಮಾಡಬೇಕು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಇನ್ನೊಂದು, ಹಿಸ್ಟಮೀನ್ ಪುಡಿ ಮೂಗಿಗೆ ಹೋದರೆ ಆಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು. ತೂಗುವಾಗ ಮಾಸ್ಕ್, ಗ್ಲೌಸ್ ಬೇಕೇ ಬೇಕು. ಫ್ಯಾನು ಆಫ್ ಮಾಡಿರಿ.

ಈಗ ನೀರು. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇವೆ, ಏಕೆಂದರೆ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೆಟ್ಟುಹೋಗುವ ಪ್ರಯೋಗ ಹೆಚ್ಚಾಗಿ ಇಲ್ಲೇ ಕೆಡುವುದು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಪಾವಗಡದವರಿಗೂ ಬಾಗೇಪಲ್ಲಿಯವರಿಗೂ ಯಾರೂ ಹೇಳಿಕೊಡಬೇಕಿಲ್ಲ. ರಿಸೆಪ್ಟರಿನ ಸಂದೇಶವನ್ನು ಕೋಶದ ಒಳಗೆ ದಾಟಿಸುವ ಜಿ-ಪ್ರೋಟೀನುಗಳನ್ನು ಫ್ಲೋರೈಡ್ ಚುರುಕುಗೊಳಿಸುತ್ತದೆ ಎಂದು ಓದಿದ ವಿದ್ಯಾರ್ಥಿಗಳು ಅದೇ ಪ್ರಯೋಗ ಕೆಡಿಸುತ್ತದೆ ಎಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ: ಕುಡಿಯುವ ನೀರಿಗೆ ಮೇಲ್ಮಿತಿ ಲೀಟರಿಗೆ 1.5 ಮಿ.ಗ್ರಾಂ, ಅಂದರೆ 0.08 ಮಿಲಿಮೋಲಾರ್. ಜಿ-ಪ್ರೋಟೀನಿನ ಪ್ರಯೋಗಗಳಲ್ಲಿ ಬಳಸುವುದು ಅಲ್ಯೂಮಿನಿಯಂ ಜೊತೆಗೆ ಹಲವು ಮಿಲಿಮೋಲಾರ್. ಮಿತಿಯ ಎರಡು ಮೂರು ಪಟ್ಟು ಇದ್ದರೂ ಫ್ಲೋರೈಡ್ ಅಲ್ಲಿಯ ತನಕ ಹೋಗುವುದಿಲ್ಲ. ನಿಜವಾಗಿ ಕಾಟ ಕೊಡುವುದು ಗಡಸುತನ. ಬೇರೆ ಮೂಲವಿಲ್ಲದ ಕಡೆ ಲೀಟರಿಗೆ 600 ಮಿ.ಗ್ರಾಂವರೆಗೆ ಗಡಸುತನಕ್ಕೆ ಅನುಮತಿ ಇದೆ. ಕ್ಯಾಲ್ಸಿಯಂ ಕಾರ್ಬನೇಟಿನ ಲೆಕ್ಕದಲ್ಲಿ ಅದು 6 ಮಿಲಿಮೋಲಾರ್ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಬಾತಿನಲ್ಲಿ ಅಂಗಾಂಶವನ್ನು ಜೀವಂತವಾಗಿಡುವ ಕ್ರೆಬ್ಸ್ ಎಂಬ ಲವಣ ದ್ರಾವಣದಲ್ಲಿ ನಮಗೆ ಬೇಕಾದ ಕ್ಯಾಲ್ಸಿಯಂ 2.5 ಮಿಲಿಮೋಲಾರ್. ಇಂಥ ನಲ್ಲಿ ನೀರಿನಲ್ಲಿ ಕ್ರೆಬ್ಸ್ ಮಾಡಿದರೆ ನೀವು ಒಂದು ಚಿಟಿಕೆ ಉಪ್ಪು ಹಾಕುವ ಮೊದಲೇ ಪಾತ್ರೆಯಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಅಯಾನು ಕೂತಿರುತ್ತದೆ. ಸ್ನಾಯು ಕುಗ್ಗುವುದೇ ಕ್ಯಾಲ್ಸಿಯಂನಿಂದ. ಗೆರೆ ಎಲ್ಲಿಗೆ ಹೋದರೂ ಆಶ್ಚರ್ಯವಿಲ್ಲ.

ಆದ್ದರಿಂದ ಗಾಜಿನ ಡಿಸ್ಟಿಲರಿನಲ್ಲಿ ಇಳಿಸಿದ ನೀರು. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಬಳಸುವುದನ್ನು ಒಪ್ಪಿಕೊಳ್ಳಲಾಗದು, ಅದು ಕುಡಿಯಲು ಯೋಗ್ಯ, ಬಾತಿಗಲ್ಲ. ವಾಹಕತೆ ಮೀಟರಿನಲ್ಲಿ 5 ಮೈಕ್ರೋಸೀಮನ್ಸ್‌ಗಿಂತ ಕೆಳಗೆ ಬಂದ ನೀರನ್ನು ಮಾತ್ರ ತೆಗೆದುಕೊಳ್ಳಿ, ಅಂಕಿಯನ್ನು ದಿನಾಂಕದ ಜೊತೆ ಪುಸ್ತಕದಲ್ಲಿ ಬರೆಯಿರಿ. ಆರ್ಗನ್ ಬಾತಿನ ಹೊರಗಿನ ತೊಟ್ಟಿಗೂ ಬೋರ್ ನೀರು ಬೇಡ. ಗೀಸರ್ ಕಾಯಿಲಿಗೆ ಬಿಳಿ ಪದರ ಕಟ್ಟುವ ಹಾಗೆ ಹೀಟರಿಗೂ ಕಟ್ಟುತ್ತದೆ, ಆಮೇಲೆ ಥರ್ಮೋಸ್ಟಾಟ್ 37 ತೋರಿಸುತ್ತಿದ್ದರೂ ಅಂಗಾಂಶದ ಬಳಿ 35 ಇರುತ್ತದೆ. ಅಂಗಾಂಶದ ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು ನೋಡುವುದು ಒಳ್ಳೆಯದು.

ಕ್ರೆಬ್ಸ್ ದ್ರಾವಣಕ್ಕೆ ಲೀಟರಿಗೆ: ಸೋಡಿಯಂ ಕ್ಲೋರೈಡ್ 6.9 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.35, ಮೆಗ್ನೀಷಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 0.29, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.16, ಸೋಡಿಯಂ ಬೈಕಾರ್ಬನೇಟ್ 2.1, ಗ್ಲೂಕೋಸ್ 2. ಇವೆಲ್ಲವನ್ನೂ ಸುಮಾರು 900 ಮಿ.ಲೀ.ನಲ್ಲಿ ಕರಗಿಸಿ. ಕ್ಯಾಲ್ಸಿಯಂ ಕ್ಲೋರೈಡನ್ನು ಬೇರೆ ಬೀಕರಿನಲ್ಲಿ ಕರಗಿಸಿಟ್ಟುಕೊಳ್ಳಿ, ನೀರಿಲ್ಲದ ರೂಪವಾದರೆ 0.28 ಗ್ರಾಂ, ಡೈಹೈಡ್ರೇಟ್ ಆದರೆ 0.37. ದೊಡ್ಡ ಪಾತ್ರೆಗೆ ಕಾರ್ಬೋಜನ್, ಅಂದರೆ ಶೇ. 95 ಆಮ್ಲಜನಕ ಶೇ. 5 ಇಂಗಾಲದ ಡೈಆಕ್ಸೈಡ್, ಹತ್ತು ನಿಮಿಷ ಹರಿಸಿದ ಮೇಲೆ ಕ್ಯಾಲ್ಸಿಯಂ ದ್ರಾವಣವನ್ನು ಕಲಕುತ್ತಾ ನಿಧಾನವಾಗಿ ಬಿಟ್ಟು ಲೀಟರ್ ತುಂಬಿಸಿ. ಮೊದಲೇ ಹಾಕಿದರೆ ಬೈಕಾರ್ಬನೇಟ್, ಫಾಸ್ಫೇಟ್ ಎರಡೂ ಕ್ಯಾಲ್ಸಿಯಂನ್ನು ಹಿಡಿದು ತಳಕ್ಕೆ ಇಳಿಸುತ್ತವೆ, ನೀರು ಹಾಲು ಬೆರೆಸಿದಂತೆ ಕಾಣುತ್ತದೆ. ಮಸುಕಾದ ದ್ರಾವಣವನ್ನು ಸೋಸಿ ಬಳಸಬೇಡಿ, ಕ್ಯಾಲ್ಸಿಯಂ ಸೋಸುಕಾಗದದಲ್ಲೇ ಉಳಿದಿರುತ್ತದೆ. ಚೆಲ್ಲಿ ಹೊಸದು ಮಾಡಿ. ಕಾರ್ಬೋಜನ್ ಸಿಲಿಂಡರ್ ಇಲ್ಲ, ಮೀನಿನ ತೊಟ್ಟಿಯ ಏರೇಟರ್ ಮಾತ್ರ ಇದೆ ಎನ್ನುವ ಕಡೆ ಕ್ರೆಬ್ಸ್ ಬೇಡ. ಬರೀ ಗಾಳಿ ಹೊಡೆದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ 8 ದಾಟುತ್ತದೆ, ಕ್ಯಾಲ್ಸಿಯಂ ತಳ ಸೇರುತ್ತದೆ. ಅಲ್ಲಿ ಟೈರೋಡ್ ಎಂಬ ಇನ್ನೊಂದು ಲವಣ ದ್ರಾವಣ ಮಾಡಿಕೊಳ್ಳಿ, ಅದರಲ್ಲಿ ಬೈಕಾರ್ಬನೇಟ್ ಲೀಟರಿಗೆ 1 ಗ್ರಾಂ ಮಾತ್ರ.

ಅಂಗಾಂಶಕ್ಕೆ ಗಿನಿ ಪಿಗ್ ಕೊಲ್ಲಬೇಕಿಲ್ಲ. ಮೇಕೆಯ ಶ್ವಾಸನಾಳ ಮಟನ್ ಅಂಗಡಿಯಲ್ಲಿ ಸಿಗುತ್ತದೆ, ಅದರಲ್ಲೂ ಹಿಸ್ಟಮೀನ್ ಎಚ್-1 ಮೂಲಕವೇ ಕುಗ್ಗಿಸುತ್ತದೆ. ಹೇಗೂ ಆಹಾರಕ್ಕಾಗಿ ಕೊಯ್ದ ಪ್ರಾಣಿ, ನಾವು ತರುವುದು ಬಿಸಾಡುವ ಭಾಗ. ಆದರೂ ಕಾಲೇಜಿನ ಪ್ರಾಣಿ ನೀತಿ ಸಮಿತಿಗೆ ಬರೆದು ತಿಳಿಸಿಟ್ಟಿರಿ. ಅಂಗಡಿಯಲ್ಲಿ ಮೇಕೆಯದೋ ಕುರಿಯದೋ ಎಂದು ಕೇಳಿಯೇ ತೆಗೆದುಕೊಳ್ಳಿ, ಒಂದೇ ಪ್ರಯೋಗದಲ್ಲಿ ಎರಡನ್ನೂ ಬೆರೆಸಬಾರದು. ಭಾನುವಾರ ಬೆಳಿಗ್ಗೆ ಧಾರಾಳವಾಗಿ ಸಿಗುತ್ತದೆ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಮಾತ್ರ ಹೋಗಬೇಡಿ, ಆ ನೂಕುನುಗ್ಗಲಿನಲ್ಲಿ ಯಾವುದನ್ನು ಎಷ್ಟು ಹೊತ್ತಿಗೆ ಕೊಯ್ದರು ಎಂದು ತಿಳಿಯುವುದಿಲ್ಲ. ಕೊಯ್ದ ಕೂಡಲೇ ತೆಗೆದು, ಐಸ್ ಮೇಲಿಟ್ಟ ಕ್ರೆಬ್ಸ್‌ನಲ್ಲಿ ಮುಳುಗಿಸಿ, ಒಂದು ಗಂಟೆಯೊಳಗೆ ಲ್ಯಾಬು ಸೇರಿಸಬೇಕು. ಐಸ್ ನೇರವಾಗಿ ತಾಗಿದರೆ ಸ್ನಾಯು ಹೆಪ್ಪುಗಟ್ಟಿ ಸಾಯುತ್ತದೆ, ನೀರಿನಲ್ಲಿ ತೊಳೆದರೆ ಜೀವಕೋಶ ಉಬ್ಬಿ ಒಡೆಯುತ್ತದೆ. ಅಂಗಡಿಯವರು ಪ್ರೀತಿಯಿಂದ ನಲ್ಲಿ ಕೆಳಗೆ ಹಿಡಿದು ತೊಳೆದುಕೊಡುತ್ತಾರೆ, ಮೊದಲೇ ಹೇಳಿ ತಡೆಯಿರಿ.

ಶ್ವಾಸನಾಳವನ್ನು ಅಂಗೈಯಲ್ಲಿಟ್ಟು ನೋಡಿ. ಮುಂದೆ ಗಟ್ಟಿ ಮೃದ್ವಸ್ಥಿ, ಇಂಗ್ಲಿಷಿನ ಸಿ ಅಕ್ಷರದಂತೆ. ಹಿಂದೆ ಸಿ ತೆರೆದಿರುವಲ್ಲಿ ಗುಲಾಬಿ ಬಣ್ಣದ ಮೆತ್ತನೆ ಪಟ್ಟಿ. ಕುಗ್ಗುವ ಸ್ನಾಯು ಇರುವುದು ಆ ಪಟ್ಟಿಯಲ್ಲಿ ಮಾತ್ರ. ಒಂದೊಂದು ಉಂಗುರವಾಗಿ ಅಡ್ಡಕ್ಕೆ ಕತ್ತರಿಸಿ. ಪ್ರತಿ ಉಂಗುರವನ್ನೂ ಮುಂದಿನ ಮೃದ್ವಸ್ಥಿಯ ನಡುವೆ ಸೀಳಿ ಬಿಡಿಸಿದರೆ ನಡುವೆ ಸ್ನಾಯು, ಎರಡು ತುದಿಗೆ ಮೃದ್ವಸ್ಥಿ ಇರುವ ಪಟ್ಟಿಯಾಗುತ್ತದೆ. ಒಂದರ ತುದಿಗೆ ಇನ್ನೊಂದರ ತುದಿಯನ್ನು ಹತ್ತಿಯ ದಾರದಿಂದ ಕಟ್ಟಿ ಐದಾರು ಪಟ್ಟಿಯ ಸರಪಳಿ ಮಾಡಿ, ಸ್ನಾಯುಗಳೆಲ್ಲ ಒಂದೇ ಸಾಲಿಗೆ ಬರಬೇಕು. ಗಂಟು ಮೃದ್ವಸ್ಥಿಯ ಮೇಲೆ ಕೂರಲಿ, ಸ್ನಾಯುವಿನ ಮೇಲೆ ಬಿದ್ದರೆ ಆ ಪಟ್ಟಿ ಸತ್ತಂತೆ. ಇಕ್ಕಳದಿಂದ ಹಿಡಿಯುವುದೂ ಮೃದ್ವಸ್ಥಿಯನ್ನೇ. ಒಂದು ಶ್ವಾಸನಾಳದಿಂದ ಇಂಥ ನಾಲ್ಕು ಸರಪಳಿ ಆರಾಮವಾಗಿ ಆಗುತ್ತದೆ, ಆ ನಾಲ್ಕೂ ಬೇಕು.

20 ಮಿ.ಲೀ. ಬಾತಿನಲ್ಲಿ, 37 ಡಿಗ್ರಿಯಲ್ಲಿ, ಸುಮಾರು 1 ಗ್ರಾಂ ಎಳೆತದಲ್ಲಿ ಕಟ್ಟಿ ಒಂದು ಗಂಟೆ ಬಿಡಿ. ಹದಿನೈದು ನಿಮಿಷಕ್ಕೊಮ್ಮೆ ದ್ರಾವಣ ಬದಲಿಸಿ. ಆತುರಪಟ್ಟು ಅರ್ಧ ಗಂಟೆಗೇ ಶುರು ಮಾಡಿದರೆ ತಳಗೆರೆ, ಅಂದರೆ ಔಷಧಿ ಹಾಕುವ ಮೊದಲಿನ ಎಳೆತದ ಗೆರೆ, ಇಳಿಯುತ್ತಲೇ ಇರುತ್ತದೆ, ಆಮೇಲೆ ಯಾವುದು ಔಷಧಿಯ ಪರಿಣಾಮ ಯಾವುದು ಸ್ನಾಯು ಸಡಿಲವಾದದ್ದು ಎಂದು ಬೇರ್ಪಡಿಸಲಾಗದು. ಶ್ವಾಸನಾಳ ತಾನೇ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಿಸಿಕೊಂಡು ಅಡ್ಡ ಬರುತ್ತದೆ, ಅದನ್ನು ನಿಲ್ಲಿಸಲು ದ್ರಾವಣದಲ್ಲಿ 1ರಿಂದ 3 ಮೈಕ್ರೋಮೋಲಾರ್ ಇಂಡೋಮೆಥಾಸಿನ್ ಇರಲಿ.

ಹಿಸ್ಟಮೀನನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವಾಗ ಮುಂದಿನ ಮೆಟ್ಟಿಲಿಗೆ ವ್ಯತ್ಯಾಸವನ್ನಷ್ಟೇ ಸೇರಿಸಬೇಕು. 0.1 ಮಿಲಿಮೋಲಾರ್ ಸ್ಟಾಕಿನಿಂದ 0.02 ಮಿ.ಲೀ. ಬಿಟ್ಟರೆ ಬಾತಿನಲ್ಲಿ 0.1 ಮೈಕ್ರೋಮೋಲಾರ್. 0.3ಕ್ಕೆ ಏರಿಸಲು ಇನ್ನೂ 0.04 ಮಿ.ಲೀ. ಸಾಕು. 0.06 ಬಿಟ್ಟರೆ 0.4 ಆಗಿಬಿಡುತ್ತದೆ, ಮುಂದಿನ ಮೆಟ್ಟಿಲುಗಳೆಲ್ಲ ಓರೆ. ಶ್ವಾಸನಾಳ ಕರುಳಿನಷ್ಟು ಚುರುಕಲ್ಲ. ಪ್ರತಿ ಮೆಟ್ಟಿಲಿಗೂ ಮೂರರಿಂದ ಐದು ನಿಮಿಷ, ಗೆರೆ ಸಮತಟ್ಟಾಗುವ ತನಕ ಕಾಯಬೇಕು. ಒಟ್ಟು ಸೇರಿಸಿದ್ದು 1 ಮಿ.ಲೀ. ಮೀರದಂತೆ ಸ್ಟಾಕುಗಳನ್ನು ಯೋಜಿಸಿ. ಬ್ಲಾಕರ್ ಇರುವಾಗ 1 ಮಿಲಿಮೋಲಾರ್ ಹಿಸ್ಟಮೀನಿನ ತನಕ ಹೋಗಬೇಕಾಗಬಹುದು, ಅದಕ್ಕೆ 0.1 ಮೋಲಾರ್ ಸ್ಟಾಕ್ ಬೇಕು, ಡೈಹೈಡ್ರೋಕ್ಲೋರೈಡ್ 184 ಮಿ.ಗ್ರಾಂ 10 ಮಿ.ಲೀ.ಗೆ. ಅದು ಆಮ್ಲೀಯ, ಪಿಎಚ್ ಸರಿಪಡಿಸಿಯೇ ಬಳಸಿ.

ಮೊದಲ ಗೆರೆ ಮುಗಿದ ಮೇಲೆ ಚೆನ್ನಾಗಿ ತೊಳೆದು, ಮುಕ್ಕಾಲು ಗಂಟೆ ಬಿಟ್ಟು, ಬ್ಲಾಕರ್ ಹಾಕುವುದು. ಪಿಪೆಟ್ಟಿನಿಂದ ಬಾತಿಗೆ ಹಾಕಿದರೆ ಮುಂದೆ ದ್ರಾವಣ ಬದಲಿಸಿದಾಗೆಲ್ಲ ಅದೂ ಹೋಗುತ್ತದೆ. ಅದರ ಬದಲು ಮೇಲಿನ ಪಾತ್ರೆಯ ಕ್ರೆಬ್ಸ್‌ಗೇ ಬೆರೆಸಿಬಿಡಿ. ಒಂದು ಲೀಟರಿಗೆ 10 ಮೈಕ್ರೋಮೋಲಾರ್ ದ್ರಾವಣ 0.3 ಮಿ.ಲೀ. ಹಾಕಿದರೆ 3 ನ್ಯಾನೋಮೋಲಾರ್, 1 ಮಿ.ಲೀ.ಗೆ 10, 3 ಮಿ.ಲೀ.ಗೆ 30. ಒಂದೊಂದು ಸರಪಳಿಗೆ ಒಂದೇ ಸಾಂದ್ರತೆ. ಮೆಪಿರಮೀನ್ ಅಂಗಾಂಶದಿಂದ ಹೊರಬರಲು ಬಹಳ ಹೊತ್ತು ಬೇಕು, ಅದೇ ಸರಪಳಿಗೆ ಇನ್ನೊಂದು ಸಾಂದ್ರತೆ ಹಾಕಿದರೆ ಹಳೆಯದರ ಬಾಕಿ ಸೇರಿಕೊಳ್ಳುತ್ತದೆ. ನಾಲ್ಕನೆಯ ಸರಪಳಿಗೆ ಬ್ಲಾಕರ್ ಹಾಕಬಾರದು, ಆದರೆ ಎರಡನೆಯ ಗೆರೆಯನ್ನು ಅದೇ ಹೊತ್ತಿಗೆ ತೆಗೆಯಬೇಕು. ಬರೀ ಸಮಯ ಕಳೆದದ್ದರಿಂದ, ಅಥವಾ ಹಿಸ್ಟಮೀನಿಗೆ ಅಂಗಾಂಶ ಜಡ್ಡುಗಟ್ಟಿದ್ದರಿಂದ, ಗೆರೆ ಎಷ್ಟು ಸರಿಯಿತು ಎಂದು ಅದು ಹೇಳುತ್ತದೆ. ಅಷ್ಟಕ್ಕೆ ಉಳಿದ ಮೂರನ್ನು ಸರಿಹೊಂದಿಸದೆ ರೇಶಿಯೋ ತೆಗೆಯಬೇಡಿ. ಈ ನಾಲ್ಕನೆಯ ಸರಪಳಿಯನ್ನು ದಂಡವೆಂದು ಬಿಟ್ಟುಬಿಡುವವರು ಬಹಳ ಮಂದಿ, ನಮಗೆ ಅದರ ಬಗ್ಗೆ ನಿಜಕ್ಕೂ ಬೇಸರವಿದೆ.

ಲೆಕ್ಕ ಸರಿ ಬಂದರೆ, ಕೆ-ಬಿ 1 ಎಂದುಕೊಂಡ ನಮ್ಮ ಉದಾಹರಣೆಯಲ್ಲಿ, ರೇಶಿಯೋಗಳು 4, 11, 31. ಒಂದೊಂದು ಕಳೆದು ಲಾಗರಿತಮ್ ತೆಗೆದರೆ 0.48, 1.0, 1.48. ಅಡ್ಡಕ್ಕೆ ಬ್ಲಾಕರ್ ಸಾಂದ್ರತೆಯ ಲಾಗರಿತಮ್ ಇಟ್ಟರೆ ಓರೆ 1 ಇರುವ ನೇರ ಗೆರೆ, ಅದು ಅಡ್ಡ ಅಕ್ಷವನ್ನು ಮೈನಸ್ 9ರಲ್ಲಿ ಮುಟ್ಟುತ್ತದೆ. ನಿಮ್ಮ ಮೇಕೆಯ ಅಂಗಾಂಶದಲ್ಲಿ ಬರುವ ಅಂಕಿ ನಿಮ್ಮದೇ. ಗಿನಿ ಪಿಗ್ ಅಂಕಿಗೆ ಹೊಂದಿಸಲು ಬಿಂದುಗಳನ್ನು ಎಳೆದಾಡಬೇಡಿ.

ಓರೆ 1ಕ್ಕಿಂತ ಹೆಚ್ಚು ಬಂದರೆ ಮೊದಲು ಅನುಮಾನಿಸಬೇಕಾದದ್ದು ಕಾಯದೇ ಹೋದದ್ದನ್ನು. ಬ್ಲಾಕರ್ ತೆಳುವಾಗಿದ್ದಷ್ಟೂ ಸಮತೋಲಕ್ಕೆ ಬರಲು ಹೆಚ್ಚು ಹೊತ್ತು ಬೇಕು. 30 ನ್ಯಾನೋಮೋಲಾರ್‌ಗೆ ಅರ್ಧ ಗಂಟೆ ಸಾಕಾದರೆ 3ಕ್ಕೆ ಒಂದು ಗಂಟೆ ಕೊಡಿ. ಎಲ್ಲಕ್ಕೂ ಹತ್ತೇ ನಿಮಿಷ ಕೊಟ್ಟರೆ ಕೆಳಗಿನ ಬಿಂದು ಮಾತ್ರ ಕುಸಿದು ಗೆರೆ ಕಡಿದಾಗುತ್ತದೆ. ಓರೆ 1ಕ್ಕಿಂತ ಕಡಿಮೆ ಬಂದರೆ, ಹಿಸ್ಟಮೀನನ್ನು ಅಂಗಾಂಶ ಎಲ್ಲೋ ನುಂಗುತ್ತಿದೆ, ಅಥವಾ ಎಚ್-1 ಅಲ್ಲದ ಇನ್ನೊಂದು ರಿಸೆಪ್ಟರ್ ಪಾಲು ಪಡೆಯುತ್ತಿದೆ ಎಂದು ಹುಡುಕಬೇಕು. ಗೆರೆಯ ಎತ್ತರವೇ ತಗ್ಗಿದರೆ ಅದು ಸರಳ ಸ್ಪರ್ಧೆಯಲ್ಲ, ಆಗ ಪಿಎ-2 ಎಂಬ ಮಾತನ್ನೇ ಎತ್ತಬಾರದು.

ಹಿಸ್ಟಮೀನ್ ಹಾಕುವ ಮೊದಲೇ, ಮೆಪಿರಮೀನ್ ಬಿದ್ದ ಕೂಡಲೇ ತಳಗೆರೆ ಸ್ವಲ್ಪ ಇಳಿಯುವುದುಂಟು. ಹಿಸ್ಟಮೀನ್ ಕೂಡಿಟ್ಟುಕೊಳ್ಳುವ, ಅಂಗಾಂಶದ ಮಾಸ್ಟ್ ಕೋಶಗಳಿಂದ ಸೋರುತ್ತಿದ್ದ ಹಿಸ್ಟಮೀನನ್ನು ಅದು ತಡೆದಿರಬಹುದು. ಇನ್ನೊಂದು ಸಾಧ್ಯತೆಯೂ ಇದೆ: ಹಿಸ್ಟಮೀನ್ ಇಲ್ಲದೆಯೂ ರಿಸೆಪ್ಟರ್ ತಾನೇ ಮಾಡುವ ಸಣ್ಣ ಕೆಲಸವನ್ನೂ ಮೆಪಿರಮೀನ್ ತಗ್ಗಿಸುತ್ತದೆ, ಅದಕ್ಕೇ ಇದನ್ನು ಇನ್ವರ್ಸ್ ಅಗೋನಿಸ್ಟ್ ಎನ್ನುತ್ತಾರೆ. ಇಳಿದದ್ದನ್ನು ಕಂಡರೆ ಬರೆದಿಡಿ, ಅಳಿಸಬೇಡಿ.

ಆಯ್ಕೆಗುಣದ ಪರೀಕ್ಷೆ ಇನ್ನೂ ಬಾಕಿ ಇದೆ. ಬೇರೆ ಸರಪಳಿಗಳಲ್ಲಿ ಹಿಸ್ಟಮೀನ್ ಬದಲು ಅಸಿಟೈಲ್‌ಕೋಲಿನ್ ಗೆರೆ ತೆಗೆಯಿರಿ, 30 ನ್ಯಾನೋಮೋಲಾರ್ ಮೆಪಿರಮೀನ್ ಇದ್ದಾಗ ಮತ್ತು ಇಲ್ಲದಾಗ. ಅದು ಅಲುಗಬಾರದು. ಕೊನೆಗೆ, ಈ ರಿಸೆಪ್ಟರುಗಳ ಹಂಗಿಲ್ಲದೆ ಸ್ನಾಯುವನ್ನು ಕುಗ್ಗಿಸುವ ಪೊಟ್ಯಾಸಿಯಂ ಕ್ಲೋರೈಡ್ 60 ಮಿಲಿಮೋಲಾರ್ ಹಾಕಿ ಸ್ನಾಯು ಪೂರ್ತಿ ಕುಗ್ಗುತ್ತದೆಯೇ ನೋಡಿ. ಇವೆರಡೂ ಸರಿಯಿದ್ದರೆ ಮಾತ್ರ ‘ಎಚ್-1 ಮೂಲಕ’ ಎಂದು ಬರೆಯುವ ಹಕ್ಕು ಬರುತ್ತದೆ.

ಗಿಡಮೂಲಿಕೆಯ ಸಾರಗಳ ಮೇಲೆ ನಮ್ಮ ಕಡೆ ಬಹಳ ಕೆಲಸ ನಡೆಯುತ್ತದೆ, ಆಡುಸೋಗೆಯಿಂದ ಹಿಡಿದು. ಸಾರ ಹಾಕಿದಾಗ ಹಿಸ್ಟಮೀನಿನ ಕುಗ್ಗುವಿಕೆ ಕಡಿಮೆಯಾಯಿತು ಎಂಬಷ್ಟರಿಂದಲೇ ಅದು ಎಚ್-1 ಬ್ಲಾಕರ್ ಆಗದು. ಸ್ನಾಯುವನ್ನು ನೇರವಾಗಿ ಸಡಿಲಿಸುವ ಯಾವ ವಸ್ತುವೂ ಹಾಗೆಯೇ ತೋರುತ್ತದೆ. ಅದು ಅಸಿಟೈಲ್‌ಕೋಲಿನನ್ನೂ ಪೊಟ್ಯಾಸಿಯಂನ್ನೂ ಒಟ್ಟಿಗೇ ತಗ್ಗಿಸಿದರೆ ಕಾರಣ ರಿಸೆಪ್ಟರಿನ ಆಚೆ ಇದೆ. ಸಾರದಲ್ಲೇ ಪೊಟ್ಯಾಸಿಯಂ ಹೇರಳವಾಗಿರುತ್ತದೆ, ಟ್ಯಾನಿನ್ ಪ್ರೋಟೀನುಗಳಿಗೆ ಅಂಟುತ್ತದೆ, ಕರಗಿಸಲು ಬಳಸಿದ ಆಲ್ಕೋಹಾಲ್ ತಾನೇ ಸ್ನಾಯುವನ್ನು ಸಡಿಲಿಸುತ್ತದೆ. ಕರಗಿಸುವ ದ್ರವವೊಂದನ್ನೇ ಅಷ್ಟೇ ಪ್ರಮಾಣದಲ್ಲಿ ಹಾಕಿದ ಸರಪಳಿ ಪಕ್ಕದಲ್ಲಿರಲಿ. ಹೋಲಿಕೆಗೆ ಮೆಪಿರಮೀನ್ 10 ನ್ಯಾನೋಮೋಲಾರ್ ಇಡಿ. ಔಷಧಿ ಅಂಗಡಿಯ ಅಲರ್ಜಿ ಮಾತ್ರೆ ಪುಡಿ ಮಾಡಿ ಹಾಕಬೇಡಿ, ಅದರಲ್ಲಿ ಪಿಷ್ಟ, ಬಣ್ಣ, ಟಾಲ್ಕ್ ಎಲ್ಲ ಸೇರಿರುತ್ತದೆ.

ಕೊನೆಯದಾಗಿ, ಒಂದು ಶ್ವಾಸನಾಳದಿಂದ ನಾಲ್ಕು ಸರಪಳಿ ಮಾಡಿದರೆ ಮಾದರಿ ಸಂಖ್ಯೆ ನಾಲ್ಕು ಎಂದು ಬರೆಯುವುದರ ಬಗ್ಗೆ. ಬರೆಯಬಾರದು, ಅದು ಒಂದೇ. ನಾಲ್ಕೂ ಒಂದೇ ಮೇಕೆಯವು, ಒಂದೇ ಹೊತ್ತಿಗೆ ಕೊಯ್ದವು, ಒಂದೇ ಡಬ್ಬಿಯಲ್ಲಿ ಬಂದವು. ಮಾದರಿ ಸಂಖ್ಯೆ ಆರು ಬೇಕಾದರೆ ಆರು ಮೇಕೆ. ಪ್ರತಿ ಮೇಕೆಯಿಂದಲೂ ನಾಲ್ಕು ಸರಪಳಿ, ಪ್ರತಿ ಮೇಕೆಗೂ ತನ್ನದೇ ಪಿಎ-2, ಆ ಆರರ ಸರಾಸರಿ. ಒಂದು ಮೇಕೆಗೆ ಸರಿಯಾಗಿ ಒಂದು ದಿನ ಹಿಡಿಯುತ್ತದೆ. ವಾರಕ್ಕೊಂದು ಭಾನುವಾರ ಎಂದಿಟ್ಟುಕೊಂಡರೂ ಒಂದೂವರೆ ತಿಂಗಳು, ಪ್ರಾಜೆಕ್ಟಿನ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.